ಮಗುವಿಗೆ ಪ್ರತ್ಯೇಕ ಖಾತೆ: ಪೇರೆಂಟಲ್ ಕಂಟ್ರೋಲ್ ಶುರುವಾಗುವುದೇ ಇಲ್ಲಿಂದ

ಮಕ್ಕಳ ಕೈಗೆ ಕಂಪ್ಯೂಟರನ್ನೋ ಟ್ಯಾಬನ್ನೋ ಕೊಟ್ಟಾದ ಮೇಲೆ ಹೆಚ್ಚಿನ ತಂದೆ-ತಾಯಂದಿರು ಹುಡುಕುವುದು ಒಂದು ಆ್ಯಪ್. ಅದನ್ನು ಹಾಕಿದರೆ ಬೇಡದ ಜಾಲತಾಣಗಳು ತೆರೆಯುವುದಿಲ್ಲ, ಹೊತ್ತಾದ ಮೇಲೆ ಆಟ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ. ಸ್ವಲ್ಪ ದಿನಗಳಲ್ಲೇ ಆ ಆ್ಯಪ್ ಇದ್ದೂ ಇಲ್ಲದಂತಾದಾಗ ಮಗು ತುಂಬ ಚುರುಕು ಎಂದೋ, ಆ್ಯಪ್ ಸರಿಯಿಲ್ಲ ಎಂದೋ ಅಂದುಕೊಳ್ಳುತ್ತಾರೆ. ಕಾರಣ ಬಹಳಷ್ಟು ಸಲ ಇನ್ನೂ ಸರಳ: ಮಗು ಬಳಸುತ್ತಿರುವುದು ದೊಡ್ಡವರ ಖಾತೆ.

ಎದುರಿಗೆ ಕೂತವರ ವಯಸ್ಸು ಎಷ್ಟೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಲಾಗಿನ್ ಆಗಿರುವ ಖಾತೆ ಯಾವುದು, ಆ ಖಾತೆಗೆ ಏನೇನು ಅಧಿಕಾರ ಇದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅಪ್ಪನ ಲಾಗಿನ್‌ನಲ್ಲಿ ಮಗಳು ಕೂತರೆ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಅಪ್ಪನೇ. ಅಡ್ಮಿನ್ ಅಧಿಕಾರವಿರುವ ಖಾತೆಯಿಂದ ಯಾವ ಆ್ಯಪನ್ನಾದರೂ ತೆಗೆದುಹಾಕಬಹುದು, ಹೊಸ ಬಳಕೆದಾರರನ್ನು ಸೇರಿಸಬಹುದು, ಸೆಟ್ಟಿಂಗ್ಸ್ ಬದಲಿಸಬಹುದು. ಹಾಗಾಗಿ ಮುಂದೆ ಹೇಳುವ ಎಲ್ಲದಕ್ಕೂ ಮೊದಲು ಆಗಬೇಕಾದ ಕೆಲಸ ಎರಡು. ಮಗುವಿಗೆ ಅದರದೇ ಖಾತೆ ಮಾಡಿಕೊಡುವುದು, ಅಡ್ಮಿನ್ ಖಾತೆಯ ಪಾಸ್‌ವರ್ಡ್ ದೊಡ್ಡವರಲ್ಲೇ ಉಳಿಸಿಕೊಳ್ಳುವುದು.

ಖಾತೆ ತೆರೆಯುವಾಗ ಹುಟ್ಟಿದ ದಿನಾಂಕವನ್ನು ಸರಿಯಾಗಿ ಕೊಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1998ರಲ್ಲಿ ಅಮೆರಿಕ ತಂದ ಕೊಪ್ಪಾ ಎಂಬ ಕಾಯ್ದೆಯ ಪ್ರಕಾರ 13 ವರ್ಷದೊಳಗಿನ ಮಕ್ಕಳ ವೈಯಕ್ತಿಕ ಮಾಹಿತಿ ಪಡೆಯಲು ಜಾಲತಾಣಗಳಿಗೆ ಹೆತ್ತವರ ಒಪ್ಪಿಗೆ ಬೇಕು. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಅಲ್ಲಿಯವೇ ಆದ್ದರಿಂದ ಆ 13ರ ಗೆರೆ ಲೋಕದಾದ್ಯಂತ ಹರಡಿತು. ಕೆಲವು ದೇಶಗಳಲ್ಲಿ ಗೆರೆ ಇನ್ನೂ ಮೇಲಿದೆ. ಖಾತೆ ಬೇಗ ಸಿಗಲಿ ಎಂದು ಒಂಬತ್ತರ ಮಗುವಿಗೆ ಇಪ್ಪತ್ತು ಎಂದು ಬರೆದುಬಿಟ್ಟರೆ, ವಯಸ್ಸು ನೋಡಿ ತಾನಾಗಿ ಜಾರಿಗೆ ಬರುವ ರಕ್ಷಣೆಗಳೆಲ್ಲ ಆ ಮಗುವಿಗೆ ತಪ್ಪಿಹೋಗುತ್ತವೆ. ಇನ್‌ಸ್ಟಾಗ್ರಾಮ್ 2024ರಲ್ಲಿ ತಂದ ಟೀನ್ ಖಾತೆಗಳನ್ನೇ ನೋಡಿ. 18ರೊಳಗಿನವರ ಖಾತೆ ಅಲ್ಲಿ ಮೊದಲಿನಿಂದಲೇ ಖಾಸಗಿಯಾಗಿರುತ್ತದೆ, 16ರೊಳಗಿನವರು ಆ ನಿರ್ಬಂಧಗಳನ್ನು ಸಡಿಲಿಸಬೇಕಾದರೆ ಹೆತ್ತವರ ಅನುಮತಿ ಬೇಕು. ಸುಳ್ಳು ದಿನಾಂಕ ಕೊಟ್ಟ ಮಗುವಿಗೆ ಇದ್ಯಾವುದೂ ಸಿಗುವ ಖಾತ್ರಿ ಇಲ್ಲ.

ವಿಂಡೋಸ್ ಕಂಪ್ಯೂಟರ್

ವಿಂಡೋಸ್ 10 ಮತ್ತು 11ರಲ್ಲಿ ಬೇರೆ ಆ್ಯಪ್ ಕೊಳ್ಳುವ ಅಗತ್ಯವಿಲ್ಲ. ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಎಂಬ ಸೌಲಭ್ಯ ಉಚಿತವಾಗಿಯೇ ಇದೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಫ್ಯಾಮಿಲಿ ಎಂಬ ಜಾಗಕ್ಕೆ ಹೋಗಿ ಮಗುವಿನ ಹೆಸರಲ್ಲಿ ಒಂದು ಮೈಕ್ರೋಸಾಫ್ಟ್ ಖಾತೆಯನ್ನು ಸೇರಿಸಬೇಕು. ಇಂಟರ್ನೆಟ್‌ಗೆ ಸಂಬಂಧವಿಲ್ಲದ, ಆ ಕಂಪ್ಯೂಟರಿನಲ್ಲಷ್ಟೇ ಇರುವ ಲೋಕಲ್ ಖಾತೆಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಸೇರಿಸಿದ ಖಾತೆ ಸ್ಟ್ಯಾಂಡರ್ಡ್ ಬಗೆಯದಾಗಿರಬೇಕು, ಅಡ್ಮಿನ್ ಆಗಿರಕೂಡದು. ಅದೇ ಹೊತ್ತಿಗೆ ಆ ಕಂಪ್ಯೂಟರಿನಲ್ಲಿ ಇನ್ನು ಯಾವ್ಯಾವ ಖಾತೆಗಳಿವೆ ಎಂದು ಒಮ್ಮೆ ಪಟ್ಟಿ ನೋಡಿ. ಪಾಸ್‌ವರ್ಡ್ ಇಲ್ಲದ ಒಂದು ಹಳೆಯ ಖಾತೆ ಉಳಿದಿದ್ದರೆ ಸಾಕು, ಮಗು ಅದರಲ್ಲಿ ಲಾಗಿನ್ ಆಗುತ್ತದೆ, ನೀವು ಹಾಕಿದ ಮಿತಿಗಳು ಇನ್ನೊಂದು ಖಾತೆಯಲ್ಲಿ ಸುಮ್ಮನೆ ಉಳಿಯುತ್ತವೆ.

ಆಮೇಲಿನದನ್ನೆಲ್ಲ ನಿಮ್ಮ ಫೋನಿನಿಂದಲೇ ಮಾಡಬಹುದು. ವಾರದ ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಒಟ್ಟು ಎಷ್ಟು ಗಂಟೆ ಎಂಬುದನ್ನು ಗೊತ್ತುಮಾಡಬಹುದು. ಮೈಕ್ರೋಸಾಫ್ಟ್‌ನದೇ ಆಟದ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಕೂಡ ಇದ್ದರೆ ಎರಡಕ್ಕೂ ಸೇರಿಸಿ ಒಂದೇ ಮಿತಿ ಹಾಕಿ, ಇಲ್ಲದಿದ್ದರೆ ಇಲ್ಲಿ ಮುಗಿದ ಹೊತ್ತು ಅಲ್ಲಿ ಹೊಸದಾಗಿ ಶುರುವಾಗುತ್ತದೆ. ಸಮಯ ಮುಗಿದಾಗ ಮಗು ಇನ್ನಷ್ಟು ಸಮಯ ಕೇಳಬಹುದು, ಆ ಕೋರಿಕೆ ನಿಮಗೆ ತಲುಪುತ್ತದೆ.

ಜಾಲತಾಣಗಳ ಸೋಸುವಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಫ್ಯಾಮಿಲಿ ಸೇಫ್ಟಿ ಸೋಸುವುದು ಎಡ್ಜ್ ಬ್ರೌಸರಿನಲ್ಲಿ ಮಾತ್ರ. ಅದಕ್ಕಾಗಿಯೇ ಈ ಫಿಲ್ಟರ್ ಆನ್ ಮಾಡಿದ ಕೂಡಲೇ ಕ್ರೋಮ್, ಫೈರ್‌ಫಾಕ್ಸ್‌ನಂಥ ಬೇರೆ ಬ್ರೌಸರ್‌ಗಳು ಮಗುವಿನ ಖಾತೆಯಲ್ಲಿ ತೆರೆಯದಂತಾಗುತ್ತವೆ. ಏನೋ ಕೆಟ್ಟುಹೋಗಿದೆ ಎಂದುಕೊಂಡು ಕೆಲವರು ಕ್ರೋಮ್‌ಗೆ ಅನುಮತಿ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಫಿಲ್ಟರ್ ಇದ್ದೂ ಪ್ರಯೋಜನವಿಲ್ಲ. ಶಾಲೆಯ ಕೆಲಸಕ್ಕೆ ಕ್ರೋಮ್ ಬೇಕೇ ಬೇಕು ಎನ್ನುವ ಮನೆಗಳಲ್ಲಿ ಸೋಸುವ ಕೆಲಸವನ್ನು ಬೇರೆ ಕಡೆ, ಎಂದರೆ ಗೂಗಲ್ ಖಾತೆಯ ಮಟ್ಟದಲ್ಲೋ ವೈಫೈ ಮಟ್ಟದಲ್ಲೋ ಮಾಡಬೇಕಾಗುತ್ತದೆ.

ಐಫೋನ್, ಐಪ್ಯಾಡ್, ಮ್ಯಾಕ್

ಆಪಲ್ ಸಾಧನಗಳಲ್ಲಿ ಇದರ ಹೆಸರು ಸ್ಕ್ರೀನ್ ಟೈಮ್. 2018ರಲ್ಲಿ ಐಫೋನಿಗೂ ಮರುವರ್ಷ ಮ್ಯಾಕ್‌ಗೂ ಬಂತು. ಫ್ಯಾಮಿಲಿ ಶೇರಿಂಗ್‌ನಲ್ಲಿ ಮಗುವಿನ ಖಾತೆ ಸೇರಿಸಿಕೊಂಡರೆ ನಿಮ್ಮ ಐಫೋನಿನಿಂದಲೇ ಅದರ ಐಪ್ಯಾಡಿಗೆ ಮಿತಿ ಹಾಕಬಹುದು. ಮನೆಯಲ್ಲಿ ದೊಡ್ಡವರ ಬಳಿ ಆಪಲ್ ಸಾಧನ ಇಲ್ಲದಿದ್ದರೆ ದೂರದಿಂದ ನಿಭಾಯಿಸಲು ಬರುವುದಿಲ್ಲ. ಆಗ ಮಗುವಿನ ಸಾಧನದಲ್ಲೇ ಸ್ಕ್ರೀನ್ ಟೈಮ್ ತೆರೆದು ಅದಕ್ಕೆಂದೇ ಇರುವ ನಾಲ್ಕಂಕಿಯ ಪಾಸ್‌ಕೋಡ್ ಹಾಕಬೇಕು. ಈ ಪಾಸ್‌ಕೋಡ್ ಸಾಧನ ತೆರೆಯುವ ಪಾಸ್‌ಕೋಡ್‌ಗಿಂತ ಬೇರೆಯಾಗಿರಬೇಕು. ಮರೆತರೆ ಮತ್ತೆ ಪಡೆಯಲು ಯಾವ ಆಪಲ್ ಖಾತೆ ಎಂದು ಕೇಳಿದಾಗ ನಿಮ್ಮದನ್ನೇ ಕೊಡಿ. ಮಗುವಿನದನ್ನು ಕೊಟ್ಟರೆ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಸ್ಕ್ರೀನ್ ಟೈಮ್‌ನಲ್ಲಿ ನಾಲ್ಕೈದು ಭಾಗಗಳಿವೆ, ಅವುಗಳಲ್ಲಿ ಮೂರನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು. ಡೌನ್‌ಟೈಮ್ ಎಂದರೆ ದಿನದ ಇಷ್ಟು ಹೊತ್ತು, ಮುಖ್ಯವಾಗಿ ರಾತ್ರಿ, ನೀವು ಬಿಟ್ಟ ಆ್ಯಪ್‌ಗಳನ್ನು ಹೊರತುಪಡಿಸಿ ಉಳಿದವು ತೆರೆಯುವುದಿಲ್ಲ. ಆ್ಯಪ್ ಲಿಮಿಟ್ಸ್ ಎಂದರೆ ಆಟಗಳಿಗೆ ದಿನಕ್ಕೆ ಇಷ್ಟು ನಿಮಿಷ, ವಿಡಿಯೊಗೆ ಇಷ್ಟು ನಿಮಿಷ ಎಂದು ಅಳತೆ ಹಾಕುವುದು. ಇವೆರಡರಲ್ಲೂ, ಹೊತ್ತು ಮೀರಿದ ಮೇಲೆ ಪೂರ್ತಿ ತಡೆಯಬೇಕೇ ಎಂದು ಕೇಳುವ ಒಂದು ಚಿಕ್ಕ ಸ್ವಿಚ್ ಇದೆ. ಅದನ್ನು ಆನ್ ಮಾಡದಿದ್ದರೆ ಮಿತಿ ಬರೀ ಸೂಚನೆಯಾಗಿ ಉಳಿದು, ಮಗು ಒಂದು ಒತ್ತಿನಲ್ಲಿ ಅದನ್ನು ದಾಟುತ್ತದೆ. ಮಿತಿ ಹಾಕಿದ್ದರೂ ನಡೆಯುತ್ತಿಲ್ಲ ಎಂಬ ದೂರಿದ್ದರೆ ಮೊದಲು ಈ ಸ್ವಿಚ್ ನೋಡಿ.

ಮೂರನೆಯದು ಕಂಟೆಂಟ್ ಅಂಡ್ ಪ್ರೈವಸಿ ರೆಸ್ಟ್ರಿಕ್ಷನ್ಸ್. ಆ್ಯಪ್ ಹಾಕುವುದು, ಅಳಿಸುವುದು, ಆ್ಯಪ್‌ನೊಳಗೆ ಹಣ ಕೊಟ್ಟು ಕೊಳ್ಳುವುದು, ಯಾವ ವಯಸ್ಸಿನ ಆ್ಯಪ್‌ಗಳು ಕಾಣಬೇಕು, ಎಂಥ ಜಾಲತಾಣಗಳು ತೆರೆಯಬೇಕು ಎಲ್ಲವೂ ಇಲ್ಲಿ. ವಯಸ್ಕರ ಜಾಲತಾಣಗಳನ್ನು ತಡೆಯುವ ಆಯ್ಕೆ ಹಾಕಿದಾಗ ಸಫಾರಿ ಬ್ರೌಸರಿನಲ್ಲಿ ನೋಡಿದ್ದರ ದಾಖಲೆ ಉಳಿಸದ ಪ್ರೈವೇಟ್ ಬ್ರೌಸಿಂಗ್ ಕೂಡ ಮುಚ್ಚಿಹೋಗುತ್ತದೆ. ತೀರ ಚಿಕ್ಕ ಮಕ್ಕಳಿಗಾದರೆ, ನೀವೇ ಆರಿಸಿದ ಕೆಲವು ಜಾಲತಾಣಗಳಷ್ಟೇ ತೆರೆಯುವಂತೆ ಮಾಡುವುದೇ ಮೇಲು.

ಇದಲ್ಲದೆ ಕಮ್ಯುನಿಕೇಷನ್ ಸೇಫ್ಟಿ ಎಂಬುದೊಂದಿದೆ. ಮಗುವಿಗೆ ಬರುವ ಅಥವಾ ಮಗು ಕಳಿಸಹೊರಡುವ ಚಿತ್ರದಲ್ಲಿ ನಗ್ನತೆ ಇದ್ದರೆ ಅದನ್ನು ಮಸುಕುಮಾಡಿ, ಮಗುವಿಗೆ ಎಚ್ಚರಿಕೆ ತೋರಿಸಿ, ದೊಡ್ಡವರ ನೆರವು ಪಡೆಯುವ ದಾರಿ ಹೇಳುತ್ತದೆ. ಈ ಪರೀಕ್ಷೆ ಸಾಧನದೊಳಗೇ ನಡೆಯುತ್ತದೆ, ಚಿತ್ರ ಆಪಲ್‌ಗೆ ಹೋಗುವುದಿಲ್ಲ. ಮಗುವಿನ ಸಾಧನದಲ್ಲಿ ಇದು ಆನ್ ಇದೆಯೇ ಎಂದು ಖಂಡಿತ ನೋಡಿ. ನನ್ನ ಲೆಕ್ಕದಲ್ಲಿ ಸಮಯದ ಮಿತಿಗಿಂತಲೂ ಇದು ಮುಖ್ಯ.

ಆಂಡ್ರಾಯ್ಡ್ ಮತ್ತು ಕ್ರೋಮ್‌ಬುಕ್

ಇಲ್ಲಿ ಬೇಕಾದದ್ದು 2017ರಲ್ಲಿ ಗೂಗಲ್ ತಂದ ಫ್ಯಾಮಿಲಿ ಲಿಂಕ್. ಹೆತ್ತವರ ಫೋನ್ ಆಂಡ್ರಾಯ್ಡ್ ಆಗಿದ್ದರೂ ಐಫೋನ್ ಆಗಿದ್ದರೂ ನಡೆಯುತ್ತದೆ. ಮಗುವಿನದು ಮಾತ್ರ ಆಂಡ್ರಾಯ್ಡ್ ಅಥವಾ ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಆಗಿರಬೇಕು. ದಿನದ ಮಿತಿ, ಮಲಗುವ ಹೊತ್ತು, ಒಂದೊಂದು ಆ್ಯಪ್‌ಗೂ ಬೇರೆ ಮಿತಿ, ಪ್ಲೇ ಸ್ಟೋರ್‌ನಿಂದ ಏನೇ ಹಾಕಿಕೊಳ್ಳಬೇಕಾದರೂ ನಿಮ್ಮ ಒಪ್ಪಿಗೆ, ಸಾಧನ ಎಲ್ಲಿದೆ ಎಂಬ ಮಾಹಿತಿ ಇಷ್ಟೂ ಸಿಗುತ್ತದೆ. ಹೀಗೆ ಮೇಲ್ವಿಚಾರಣೆಯಲ್ಲಿರುವ ಮಗುವಿನ ಖಾತೆಗೆ ಕ್ರೋಮ್‌ನಲ್ಲಿ ನೋಡಿದ್ದರ ದಾಖಲೆ ಉಳಿಸದ ಇನ್‌ಕಾಗ್ನಿಟೋ ಸಿಗುವುದಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಮಗುವಿನ ಫೋನ್ ಲಾಕ್ ಆಗಿ ನಿಂತರೆ ತೆರೆಯಲು ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲೇ ಒಂದು ಕೋಡ್ ಸಿಗುತ್ತದೆ. ಇದನ್ನು ಮೊದಲೇ ನೋಡಿಟ್ಟುಕೊಂಡಿದ್ದರೆ ಪ್ರಯಾಣದಲ್ಲಿ ಪರದಾಡಬೇಕಾಗುವುದಿಲ್ಲ.

ಕ್ರೋಮ್‌ಬುಕ್‌ನಲ್ಲಿ ಮೊದಲು ಲಾಗಿನ್ ಆದವರೇ ಅದರ ಒಡೆಯರು. ಆದ್ದರಿಂದ ಡಬ್ಬಿ ಬಿಚ್ಚಿದ ಕೂಡಲೇ ಮಗುವಿನ ಕೈಗೆ ಕೊಡಬೇಡಿ. ಮೊದಲು ನಿಮ್ಮ ಖಾತೆಯಿಂದ ಲಾಗಿನ್ ಆಗಿ, ಗೆಸ್ಟ್ ಬ್ರೌಸಿಂಗ್ ಆಫ್ ಮಾಡಿ, ಯಾರ್ಯಾರು ಲಾಗಿನ್ ಆಗಬಹುದು ಎಂಬ ಪಟ್ಟಿಯನ್ನು ಮನೆಯವರಿಗಷ್ಟೇ ಸೀಮಿತಗೊಳಿಸಿ, ಆಮೇಲೆ ಮಗುವಿನ ಖಾತೆ ಸೇರಿಸಿ.

ಯೂಟ್ಯೂಬ್‌ಗೆ ಪ್ರತ್ಯೇಕವಾಗಿ ಗಮನ ಕೊಡಬೇಕು, ಏಕೆಂದರೆ ಅನೇಕ ಮಕ್ಕಳು ಹೆಚ್ಚು ಹೊತ್ತು ಕಳೆಯುವುದು ಅಲ್ಲೇ. ಪುಟ್ಟ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಇದೆ. ಅದರಲ್ಲಿ ನೀವು ಒಪ್ಪಿದ ವಿಡಿಯೊ, ಚಾನೆಲ್‌ಗಳಷ್ಟೇ ಕಾಣುವಂತೆಯೂ ಮಾಡಬಹುದು. ಅದನ್ನು ಮೀರಿ ಬೆಳೆದ ಮಕ್ಕಳಿಗೆ ಮೇಲ್ವಿಚಾರಣೆಯ ಖಾತೆಯಲ್ಲಿ ಮೂರು ಹಂತಗಳಿವೆ: ಒಂಬತ್ತು ವರ್ಷದ ಮೇಲ್ಪಟ್ಟವರಿಗೆ ಹೊಂದುವಂಥದ್ದು, 13ರ ಮೇಲ್ಪಟ್ಟವರಿಗೆ ಹೊಂದುವಂಥದ್ದು, ವಯಸ್ಕರಿಗೆ ಮಾತ್ರ ಎಂದು ಗುರುತಿಸಿದ್ದನ್ನು ಬಿಟ್ಟು ಬಹುಪಾಲು ಎಲ್ಲವೂ. ಯಾವ ಹಂತವೂ ನೂರಕ್ಕೆ ನೂರು ಶುದ್ಧವಲ್ಲ. ವಿಡಿಯೊಗಳನ್ನು ವಿಂಗಡಿಸುವುದು ಬಹುಮಟ್ಟಿಗೆ ಯಂತ್ರಗಳೇ, ಅವು ತಪ್ಪುತ್ತವೆ.

ವೈಫೈ ಮಟ್ಟದ ತಡೆ, ಅದರ ಕಣ್ಣಿಗೆ ಬೀಳದ್ದು

ಇಲ್ಲಿಯವರೆಗೆ ಹೇಳಿದ್ದು ಸಾಧನದೊಳಗಿನ ಮಾತು. ಟಿವಿ, ಆಟದ ಕನ್ಸೋಲ್, ಹಳೆಯ ಟ್ಯಾಬ್ ಇವಕ್ಕೆಲ್ಲ ಒಂದೊಂದಾಗಿ ಸೆಟ್ಟಿಂಗ್ ಮಾಡುವುದು ಕಷ್ಟ. ಅಲ್ಲಿ ಮನೆಗೆ ವೈಫೈ ಕೊಡುವ ರೂಟರ್ ನೆರವಿಗೆ ಬರುತ್ತದೆ. ಆದರೆ ರೂಟರ್ ಏನನ್ನು ಕಾಣಬಲ್ಲದು ಎಂಬುದು ತಿಳಿದಿರಬೇಕು.

ಬ್ರೌಸರಿನಲ್ಲಿ ಒಂದು ಜಾಲತಾಣದ ಹೆಸರು ಬರೆದಾಗ, ಆ ಹೆಸರಿಗೆ ಸೇರಿದ ಅಂಕಿಗಳ ವಿಳಾಸ ಯಾವುದು ಎಂದು ಸಾಧನ ಮೊದಲು ಕೇಳಿ ತಿಳಿಯುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಕೆಟ್ಟ ತಾಣಗಳ ಹೆಸರು ಕೇಳಿದಾಗ ಉತ್ತರ ಕೊಡಲು ನಿರಾಕರಿಸುವ ಡಿಎನ್‌ಎಸ್ ಸರ್ವರ್‌ಗಳಿವೆ. ಕ್ಲೌಡ್‌ಫ್ಲೇರ್ 2020ರಲ್ಲಿ ಕುಟುಂಬಗಳಿಗೆಂದು ಶುರುಮಾಡಿದ ವಿಳಾಸಗಳು 1.1.1.3 ಮತ್ತು 1.0.0.3. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್ ವಿಳಾಸಗಳು 208.67.222.123 ಮತ್ತು 208.67.220.123. ಎರಡೂ ಉಚಿತ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಇರುವ ಕಡೆ ಇವುಗಳಲ್ಲಿ ಒಂದು ಜೋಡಿಯನ್ನು ತುಂಬಿದರೆ, ಆ ವೈಫೈ ಹಿಡಿದ ಎಲ್ಲ ಸಾಧನಗಳಿಗೂ ತಡೆ ಬೀಳುತ್ತದೆ. ಮೊದಲ ಜಾಗದಲ್ಲಿ ಇದನ್ನು ಹಾಕಿ ಎರಡನೆಯದರಲ್ಲಿ ಸಾಮಾನ್ಯ ಡಿಎನ್‌ಎಸ್ ಬಿಡುವುದು ತುಂಬ ಕಡೆ ಕಾಣುವ ತಪ್ಪು. ಸಾಧನ ಎರಡರಲ್ಲಿ ಯಾವುದನ್ನಾದರೂ ಕೇಳಬಹುದು, ಹಾಗಾಗಿ ಎರಡೂ ಸೋಸುವಂಥವೇ ಆಗಿರಬೇಕು. ನಿಮ್ಮ ಸಂಪರ್ಕದಲ್ಲಿ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ವ್ಯವಸ್ಥೆ ಇದ್ದರೆ ಅದರ ಡಿಎನ್‌ಎಸ್ ಜಾಗವನ್ನೂ ಬದಲಿಸಬೇಕು. ಅದೊಂದನ್ನು ಮರೆತರೆ ಪ್ರಶ್ನೆಗಳು ಆ ದಾರಿಯಲ್ಲಿ ನುಸುಳಿಹೋಗುತ್ತವೆ.

ಇಷ್ಟು ಮಾಡಿದರೂ ಡಿಎನ್‌ಎಸ್ ಕಾಣುವುದು ಹೆಸರನ್ನು ಮಾತ್ರ. ಒಂದು ಜಾಲತಾಣದೊಳಗಿನ ಯಾವ ಪುಟ, ಯಾವ ವಿಡಿಯೊ ಎಂಬುದು ಅದಕ್ಕೆ ತಿಳಿಯದು. ಯೂಟ್ಯೂಬನ್ನು ಪೂರ್ತಿ ಮುಚ್ಚಬಹುದು, ಒಂದು ವಿಡಿಯೊ ಮುಚ್ಚಲಾಗದು. ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಚಿತ್ರಗಳೂ ಹಾಗೆಯೇ. ಅವು ಸರ್ಚ್ ಎಂಜಿನ್‌ನ ತಾಣದಿಂದಲೇ ಬರುತ್ತವೆ, ಹಾಗಾಗಿ ಅಶ್ಲೀಲ ಫಲಿತಾಂಶಗಳನ್ನು ಮರೆಮಾಡುವ ಸೇಫ್‌ಸರ್ಚ್ ಆನ್ ಇರಬೇಕಾದದ್ದು ಖಾತೆಯ ಮಟ್ಟದಲ್ಲಿ. ಸಂಪರ್ಕವನ್ನು ಮರೆಮಾಡಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಅನ್ನು ಮಗು ಹಾಕಿಕೊಂಡರೆ, ಬ್ರೌಸರ್ ರೂಟರಿನ ಡಿಎನ್‌ಎಸ್ ಬಿಟ್ಟು ತನ್ನದೇ ಸೆಕ್ಯೂರ್ ಡಿಎನ್‌ಎಸ್ ಬಳಸಿದರೆ, ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿದರೆ ರೂಟರಿನ ತಡೆಗೆ ಅರ್ಥವಿಲ್ಲ. ಇವುಗಳಲ್ಲಿ ವಿಪಿಎನ್ ಆ್ಯಪ್ ಹಾಕುವುದನ್ನು ತಡೆಯುವುದು ಮತ್ತೆ ಮಗುವಿನ ಖಾತೆಯ ಕೆಲಸ. ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಕಡ್ಡಾಯವಾಗಿದ್ದರೆ ವಿಪಿಎನ್ ಕೂಡ ಒಪ್ಪಿಗೆಗೇ ಬರುತ್ತದೆ.

ರೂಟರಿನಲ್ಲಿ ಮಗುವಿನ ಸಾಧನವನ್ನು ಆರಿಸಿ ರಾತ್ರಿ ಇಂಟರ್ನೆಟ್ ನಿಲ್ಲಿಸುವ ಸೌಲಭ್ಯವೂ ಇರುತ್ತದೆ. ರೂಟರ್ ಸಾಧನವನ್ನು ಗುರುತಿಸುವುದು ಮ್ಯಾಕ್ ವಿಳಾಸ ಎಂಬ ಸಂಖ್ಯೆಯಿಂದ (ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ). ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರದ ಫೋನ್‌ಗಳು ಖಾಸಗಿತನಕ್ಕಾಗಿ ಆ ಸಂಖ್ಯೆಯನ್ನು ಮರೆಸಿ ಬೇರೊಂದನ್ನು ತೋರಿಸುತ್ತವೆ. ನಿಯಮ ಹಾಕಿದ್ದರೂ ಫೋನ್ ಹೊಸ ಸಾಧನದಂತೆ ಕಂಡು ಒಳಗೆ ಬಂದರೆ ಕಾರಣ ಇದೇ. ಮನೆಯ ವೈಫೈಗೆ ಮಾತ್ರ ಆ ಮರೆಮಾಚುವಿಕೆಯನ್ನು ಮಗುವಿನ ಸಾಧನದಲ್ಲಿ ಆಫ್ ಮಾಡಬಹುದು.

ಆಟಗಳು ಮತ್ತು ಹಣ

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೋ ಸ್ವಿಚ್ ಮೂರರಲ್ಲೂ ಹೆತ್ತವರಿಗೆಂದೇ ನಿಯಂತ್ರಣಗಳಿವೆ. ಅಮೆರಿಕದ ಇಎಸ್‌ಆರ್‌ಬಿ, ಯುರೋಪಿನ ಪೆಗಿ ಎಂಬ ವ್ಯವಸ್ಥೆಗಳು ಆಟಗಳಿಗೆ ವಯಸ್ಸಿನ ಗುರುತು ಕೊಡುತ್ತವೆ, ಆ ಗುರುತಿನ ಪ್ರಕಾರ ಆಟಗಳನ್ನು ತಡೆಯಬಹುದು. ಇಲ್ಲಿ ಎಚ್ಚರ ಬೇಕಾದದ್ದು ಒಂದು ವಿಷಯಕ್ಕೆ. ಗುರುತು ಆಟದೊಳಗಿನ ಕಥೆ, ಹಿಂಸೆ, ಭಾಷೆಯನ್ನು ನೋಡಿ ಕೊಟ್ಟದ್ದು. ಆನ್‌ಲೈನ್‌ನಲ್ಲಿ ಜೊತೆಗೆ ಆಡುವ ಅಪರಿಚಿತ ಏನು ಮಾತಾಡುತ್ತಾನೆ ಎಂಬುದಕ್ಕೆ ಆ ಗುರುತು ಹೊಣೆಯಲ್ಲ. ಏಳು ವರ್ಷದವರಿಗೆ ಸರಿ ಎಂದ ಆಟದಲ್ಲೂ ವಾಯ್ಸ್ ಚಾಟ್ ತೆರೆದಿರಬಹುದು. ಹಾಗಾಗಿ ಆಟಕ್ಕೆ ಒಪ್ಪಿಗೆ ಕೊಡುವ ಮೊದಲು ಅದರ ಚಾಟ್ ಸೆಟ್ಟಿಂಗ್ ತೆರೆದು, ಗೆಳೆಯರಿಗೆ ಮಾತ್ರ ಅಥವಾ ಯಾರಿಗೂ ಇಲ್ಲ ಎಂದು ಹಾಕಿ.

ಹಣದ ವಿಷಯ ಸರಳ. ಮಗುವಿನ ಖಾತೆಗೆ ಕಾರ್ಡ್ ಜೋಡಿಸಬೇಡಿ, ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಕೇಳುವಂತೆ ಮಾಡಿ.

ಮಕ್ಕಳು ದಾಟುವ ದಾರಿಗಳು

ಗಡಿಯಾರದ ಸಮಯ ಬದಲಿಸುವುದು, ಒಂದು ಆ್ಯಪ್‌ನೊಳಗೆ ಅಡಗಿರುವ ಚಿಕ್ಕ ಬ್ರೌಸರಿನಿಂದ ಹೊರಗಿನ ತಾಣಕ್ಕೆ ಹೋಗುವುದು, ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನ್ ಎತ್ತಿಕೊಳ್ಳುವುದು, ಸಾಧನವನ್ನು ಪೂರ್ತಿ ರೀಸೆಟ್ ಮಾಡುವುದು, ಹೀಗೆ ದಾರಿಗಳು ಹಲವು. ದಿನಾಂಕ ಮತ್ತು ಸಮಯವನ್ನು ತಾನಾಗಿ ಹೊಂದಿಕೊಳ್ಳುವಂತೆ ಇಡಿ, ಹಳೆಯ ಸಾಧನಗಳಿಂದ ನಿಮ್ಮ ಖಾತೆಯನ್ನು ತೆಗೆಯಿರಿ. ಇವೆಲ್ಲಕ್ಕಿಂತ ಸುಲಭದ ದಾರಿ ನಿಮ್ಮ ಬೆರಳುಗಳನ್ನು ನೋಡುತ್ತಾ ಪಿನ್ ಕಲಿತುಬಿಡುವುದು. ಒಪ್ಪಿಗೆಗಳೆಲ್ಲ ನಿಮ್ಮ ಫೋನಿನಿಂದಲೇ ಹೋಗುವುದರಿಂದ, ನಿಮ್ಮ ಫೋನ್ ತೆರೆಯಬಲ್ಲ ಮಗು ತನ್ನ ಕೋರಿಕೆಗೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳಬಲ್ಲದು. ಎಂದೋ ಆಟಕ್ಕೆಂದು ಮಗುವಿನ ಬೆರಳಚ್ಚನ್ನು ನಿಮ್ಮ ಫೋನಿನಲ್ಲಿ ಸೇರಿಸಿದ್ದರೆ ಇಂದೇ ಅಳಿಸಿ. ನಿಮ್ಮ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಆ ಕೋಡ್‌ಗಳು ಮಗುವಿನ ಟ್ಯಾಬ್‌ನಲ್ಲಿ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಿ.

ಎಲ್ಲ ಮುಗಿದ ಮೇಲೆ ನಿಮ್ಮ ಖಾತೆಯಿಂದ ಹೊರಬಂದು, ಮಗುವಿನ ಖಾತೆಯಲ್ಲೇ ಕೂತು ಪರೀಕ್ಷಿಸಿ. ತಡೆಯಬೇಕಾದ ತಾಣ ತೆರೆಯುತ್ತದೆಯೇ, ಹೊಸ ಆ್ಯಪ್ ಹಾಕಲು ಹೋದರೆ ಕೋರಿಕೆ ಬರುತ್ತದೆಯೇ, ಮಿತಿ ಮುಗಿದಾಗ ನಿಜವಾಗಿ ನಿಲ್ಲುತ್ತದೆಯೇ ನೋಡಿ. ತೆರೆಯಬೇಕಾದದ್ದು ತೆರೆಯುತ್ತಿದೆಯೇ ಎಂಬುದನ್ನೂ ಅಷ್ಟೇ ಆಸ್ಥೆಯಿಂದ ನೋಡಿ. ದೇಹದ ಬೆಳವಣಿಗೆ, ಮುಟ್ಟು, ಮಾನಸಿಕ ಆರೋಗ್ಯದ ಬಗ್ಗೆ ಒಳ್ಳೆಯ ಮಾಹಿತಿ ಕೊಡುವ ಪುಟಗಳನ್ನು ಫಿಲ್ಟರ್‌ಗಳು ಅಶ್ಲೀಲ ಎಂದು ತಡೆಯುವುದುಂಟು. ಹನ್ನೆರಡರ ಹುಡುಗಿ ಯಾರನ್ನೂ ಕೇಳಲಾಗದೆ ಹುಡುಕಿದ ಒಂದು ಪ್ರಶ್ನೆಗೆ ಬಾಗಿಲು ಮುಚ್ಚಿದರೆ ಅದು ರಕ್ಷಣೆಯಾಗುವುದಿಲ್ಲ. ಅಂಥ ತಾಣಗಳನ್ನು ನೀವೇ ಹುಡುಕಿ ಸದಾ ತೆರೆಯುವ ಪಟ್ಟಿಗೆ ಸೇರಿಸಿಡಿ.

ಮಗುವಿಗೆ ಹೇಳಿಯೇ ಹಾಕಿ

ಮಗುವಿಗೆ ತಿಳಿಯದಂತೆ ಅದರ ಸಂದೇಶಗಳನ್ನೆಲ್ಲ ಓದಿಸುವ ಆ್ಯಪ್‌ಗಳೂ ಸಿಗುತ್ತವೆ. ಅವುಗಳ ಸಹವಾಸ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥ ಆ್ಯಪ್ ಮಗುವಿನ ಮಾತು, ಚಿತ್ರ, ಓಡಾಟವನ್ನೆಲ್ಲ ಇನ್ಯಾವುದೋ ಕಂಪನಿಯ ಸರ್ವರ್‌ಗೆ ಸಾಗಿಸುತ್ತದೆ. ಗುಟ್ಟು ಒಂದಲ್ಲ ಒಂದು ದಿನ ಬಯಲಾದಾಗ, ಅಪಾಯದಲ್ಲಿರುವ ಮಗು ಓಡಿ ಬರಬೇಕಾದ ವ್ಯಕ್ತಿಯ ಮೇಲೇ ಅದರ ನಂಬಿಕೆ ಹೋಗಿರುತ್ತದೆ. ಅಪರಿಚಿತರು ಪುಸಲಾಯಿಸಿ ಫೋಟೊ ಕೇಳುವುದು, ಗುಂಪಿನಲ್ಲಿ ಅವಮಾನಿಸುವುದು, ಗೆಳೆಯನ ಫೋನಿನಲ್ಲಿ ಕಾಣಬಾರದ್ದನ್ನು ಕಾಣುವುದು, ಇವು ಯಾವ ಫಿಲ್ಟರ್‌ಗೂ ಸರಿಯಾಗಿ ಸಿಗುವುದಿಲ್ಲ. ಅವು ನಮಗೆ ತಿಳಿಯುವುದು ಮಗು ಬಾಯಿಬಿಟ್ಟು ಹೇಳಿದಾಗ ಮಾತ್ರ. ಏನಾದರೂ ಆದರೆ ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡಿ, ಅದನ್ನು ಉಳಿಸಿಕೊಳ್ಳಿ.

ಸೆಟ್ಟಿಂಗ್ ಮಾಡುವಾಗ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾವುದನ್ನು ಏಕೆ ತಡೆಯುತ್ತಿದ್ದೀರಿ, ಯಾವ ವರದಿ ನಿಮಗೆ ಬರುತ್ತದೆ, ಯಾವುದನ್ನು ನೀವು ಓದುವುದಿಲ್ಲ ಎಂದು ತೋರಿಸಿ. ಕೋರಿಕೆ ಬಂದರೆ ಬೇಗ ಉತ್ತರಿಸಿ, ಬೇಡ ಎನ್ನುವಾಗಲೂ ಕಾರಣ ಹೇಳಿ. ದಿನಗಟ್ಟಲೆ ಉತ್ತರ ಸಿಗದ ಮಗು ಕೇಳುವುದನ್ನು ಬಿಟ್ಟು ದಾಟುವ ದಾರಿ ಹುಡುಕುತ್ತದೆ.

ಏಳೆಂಟು ವರ್ಷದವರೆಗೆ ನೀವು ಆರಿಸಿದ್ದಷ್ಟೇ ತೆರೆಯುವ ಪಟ್ಟಿ ಸಾಕು. ಅಲ್ಲಿಂದ ಹನ್ನೆರಡರವರೆಗೆ ಫಿಲ್ಟರ್, ಆ್ಯಪ್‌ಗಳಿಗೆ ಒಪ್ಪಿಗೆ, ಸಮಯದ ಮಿತಿ ಮೂರೂ ಇರಲಿ. ಹದಿಮೂರರ ನಂತರ ಒಂದೊಂದಾಗಿ ಬಿಡಿ. ಮೊದಲು ಆ್ಯಪ್‌ವಾರು ನಿಮಿಷಗಳ ಲೆಕ್ಕ ತೆಗೆದು ಒಟ್ಟು ಮಿತಿ ಮಾತ್ರ ಉಳಿಸಿ, ಆಮೇಲೆ ಅದನ್ನೂ ತೆಗೆದು ರಾತ್ರಿಯ ಡೌನ್‌ಟೈಮ್ ಮತ್ತು ಖರೀದಿಯ ಒಪ್ಪಿಗೆಯನ್ನಷ್ಟೇ ಇಡಿ. ವಾರದ ವರದಿ ಇಬ್ಬರಿಗೂ ಕಾಣಲಿ, ಹದಿನಾರು ಹದಿನೇಳಕ್ಕೆ ಬಂದಾಗ ನಿಮಗೆ ಬರುವ ಪ್ರತಿಯನ್ನು ನಿಲ್ಲಿಸಿ. ತನ್ನ ಫೋನಿನ ಮುಂದೆ ಎಷ್ಟು ಹೊತ್ತು ಕಳೆದೆ ಎಂಬ ಆ ಲೆಕ್ಕವನ್ನು ಮುಂದೆ ಮಗುವೇ ನೋಡಿಕೊಳ್ಳಲಿ. ಮಿತಿ ಹಾಕಿಕೊಳ್ಳಬೇಕು ಎನಿಸಿದರೆ ಅದೇ ಸ್ಕ್ರೀನ್ ಟೈಮ್ ಅಥವಾ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ತನಗೆ ತಾನೇ ಹಾಕಿಕೊಳ್ಳುವ ಸೌಲಭ್ಯವೂ ಇದೆ, ಅದನ್ನೂ ತೋರಿಸಿಕೊಡಿ.